ನೀರಿನ ಬೆನ್ನು ಹತ್ತಿ ಬಂದವರು

ಸಿಂಧನೂರು, ಮಾನ್ವಿ, ಸಿರವಾರದ ಕಡೆ ಬಸ್ಸಿನಲ್ಲಿ ಓಡಾಡುವವರು ಕಂಡಕ್ಟರ್ ಕೂಗುವ ಊರಿನ ಹೆಸರುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಶಾಸನಗಳ ಕಾಲದಿಂದ ಬಂದಂತಿರುವ ಹಳೆಯ ಹೆಸರುಗಳ ನಡುನಡುವೆ ಒಂದಷ್ಟು ‘ಕ್ಯಾಂಪು’ಗಳು ಬರುತ್ತವೆ. ವೆಂಕಟೇಶ್ವರ ಕ್ಯಾಂಪು, ಇಂಥವರ ಕ್ಯಾಂಪು, ಅಂಥವರ ಕ್ಯಾಂಪು. ‘ಕ್ಯಾಂಪಿನವರು ಮುಂದ ಬರ್ರಿ’ ಎಂದು ಕಂಡಕ್ಟರ್ ಕೂಗಿದರೆ ನಾಲ್ಕೈದು ಮಂದಿ ಏಳುತ್ತಾರೆ. ಅವರಲ್ಲಿ ಇಬ್ಬರು ತೆಲುಗಿನಲ್ಲಿ ಮಾತಾಡುತ್ತಲೇ ಇಳಿದು, ಕಂಡಕ್ಟರನಿಗೆ ಚಿಲ್ಲರೆ ಕೇಳುವುದನ್ನು ಮಾತ್ರ ಅಚ್ಚ ರಾಯಚೂರು ಕನ್ನಡದಲ್ಲಿ ಕೇಳುತ್ತಾರೆ.

ಕ್ಯಾಂಪು ಎಂದರೆ ತಾತ್ಕಾಲಿಕ ಬಿಡಾರ. ಇಂದು ಬಂದು ನಾಳೆ ಗುಡಾರ ಕಿತ್ತುಕೊಂಡು ಹೋಗುವವರದು. ಆದರೆ ಈ ಕ್ಯಾಂಪುಗಳಿಗೆ ಅರವತ್ತು ಎಪ್ಪತ್ತು ವರ್ಷ ವಯಸ್ಸಾಗಿದೆ. ಮೊಮ್ಮಕ್ಕಳು ಇಲ್ಲೇ ಹುಟ್ಟಿ, ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಅ ಆ ಇ ಈ ಬರೆದು, ಇಲ್ಲೇ ಮದುವೆಯಾಗಿದ್ದಾರೆ. ಗುಡಿಸಲು ಹೋಗಿ ತಾರಸಿ ಮನೆ ಬಂದಿದೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಹಳ್ಳಿ ಬಿಟ್ಟು ಪಟ್ಟಣಕ್ಕೆ ಹೋಗುವವರ ಕಥೆ ನಮಗೆಲ್ಲ ಗೊತ್ತು. ನಮ್ಮ ಕಡೆಯ ಮಲ್ಲಟದಂಥ ಊರಿನಲ್ಲಿ ನಿಂತು ಯಾವ ಮನೆಯ ಬಾಗಿಲು ಬಡಿದರೂ ಅಂಥದೊಂದು ಕಥೆ ಸಿಕ್ಕೀತು. ನನ್ನನ್ನು ಬಹಳ ದಿನದಿಂದ ಕಾಡಿದ್ದು ಅದರ ತಿರುವುಮುರುವಾದ ಇನ್ನೊಂದು ಪ್ರಶ್ನೆ. ತನ್ನ ಊರಲ್ಲಿ ಹೊಲ, ಮನೆ, ಬಂಧುಬಳಗ ಇದ್ದ ರೈತ ಅದನ್ನೆಲ್ಲ ಮಾರಿ, ಮಾತು ಬಾರದ ಸೀಮೆಯ ಇನ್ನೊಂದು ಹಳ್ಳಿಗೆ ಬಂದು, ಮತ್ತೆ ಮೊದಲಿನಿಂದ ಒಕ್ಕಲುತನ ಹೂಡುವುದೆಂದರೆ ಏನು? ಯಾವುದು ಅವನನ್ನು ಎಬ್ಬಿಸಿ ತಂದಿತು?

ಕರಾವಳಿ ಆಂಧ್ರದಿಂದ ಬಂದ ಆ ರೈತನಿಗೆ ರಾಯಚೂರು ಆ ಕಾಲದಲ್ಲಿ ನಿಜಕ್ಕೂ ಪರದೇಶವೇ ಆಗಿತ್ತು. 1948ರ ಸೆಪ್ಟೆಂಬರಿನವರೆಗೆ ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆ. ಕೃಷ್ಣಾ, ಗೋದಾವರಿ ಮುಖಜ ಭೂಮಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಲ್ಲಿನ ನಾಣ್ಯ ಹಾಲಿ ಸಿಕ್ಕಾ, ಅಲ್ಲಿನದು ಬ್ರಿಟಿಷ್ ರೂಪಾಯಿ. ಇಲ್ಲಿನ ಕಚೇರಿಯ ಕಾಗದಪತ್ರ ಉರ್ದುವಿನಲ್ಲಿ. ನೌಕರಿ ಕೇಳಿದರೆ ‘ನೀನು ಮುಲ್ಕಿಯೋ, ಗೈರ್ ಮುಲ್ಕಿಯೋ’, ಅಂದರೆ ಈ ಸಂಸ್ಥಾನದವನೋ ಹೊರಗಿನವನೋ, ಎಂಬ ಪ್ರಶ್ನೆ ಮೊದಲು ಬರುತ್ತಿತ್ತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆಗ ಆಂಧ್ರದಿಂದ ಬರುವವರಿಗೆ ಒಂದು ಗಡಿ ಹೋಗಿ ಇನ್ನೊಂದು ಗಡಿ ಬಂತು, ಭಾಷೆಯ ಗಡಿ.

ಅವರು ಬಿಟ್ಟು ಬಂದ ಸೀಮೆ ಬಡ ಸೀಮೆಯಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಆರ್ಥರ್ ಕಾಟನ್ 1852ರಲ್ಲಿ ಧವಳೇಶ್ವರದಲ್ಲಿ ಗೋದಾವರಿಗೆ ಅಣೆಕಟ್ಟು ಕಟ್ಟಿ ಮುಗಿಸಿದ. ಕೆಲವೇ ವರ್ಷಗಳಲ್ಲಿ ವಿಜಯವಾಡದಲ್ಲಿ ಕೃಷ್ಣೆಗೂ ಅಣೆಕಟ್ಟು ಬಂತು. ನೂರು ವರ್ಷ ಕಾಲುವೆ ನೀರು ಕಂಡ ನೆಲ ಅದು. ಆದರೆ ನೂರು ವರ್ಷದಲ್ಲಿ ನಾಲ್ಕು ತಲೆಮಾರು ಆಗುತ್ತವೆ. ತಾತನ ಇಪ್ಪತ್ತು ಎಕರೆ ಮೊಮ್ಮಕ್ಕಳ ಪಾಲಿಗೆ ಎರಡು ಮೂರು ಎಕರೆಯಾಗುತ್ತದೆ. ಪಕ್ಕದ ಹೊಲ ಕೊಳ್ಳೋಣವೆಂದರೆ ಬೆಲೆ ಆಕಾಶದಲ್ಲಿ. ಬೇಸಾಯ ಬಿಟ್ಟರೆ ಬೇರೆ ಕಸುಬು ಬೇಡವೆನ್ನುವ ಮನಸ್ಸು, ಕೈಯಲ್ಲಿ ನೆಲ್ಲು ಬೆಳೆಯುವ ವಿದ್ಯೆ, ಕಾಲ ಕೆಳಗೆ ಸಾಕಾಗದ ಭೂಮಿ. ಅಲ್ಲಿ ಒಂದು ಎಕರೆ ಮಾರಿದರೆ ಬೇರೆ ಕಡೆ ಹಲವು ಎಕರೆ ಸಿಗುತ್ತದೆ ಎಂಬ ಲೆಕ್ಕ ಅವರಿಗೆ ಹೊಸದೇನಲ್ಲ. 1931ರಲ್ಲಿ ನಿಜಾಮಸಾಗರ ಮುಗಿದಾಗಲೇ ಕರಾವಳಿಯ ರೈತರು ನಿಜಾಮಾಬಾದಿನ ಕಡೆ ಹೋಗಿ ನೆಲೆಯೂರಿದ್ದರು. ಹೊಸ ಕಾಲುವೆ ಎಲ್ಲಿ ತೋಡುತ್ತಿದ್ದಾರೆ ಎಂಬ ಸುದ್ದಿ ಅವರಿಗೆ ಬಂಧುಗಳ ಮೂಲಕ ಎಲ್ಲರಿಗಿಂತ ಮೊದಲು ತಲುಪುತ್ತಿತ್ತು.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಯಿತು. ಮದ್ರಾಸ್ ಸರ್ಕಾರ ಒಂದು ದಂಡೆಗೆ, ನಿಜಾಮ್ ಸರ್ಕಾರ ಇನ್ನೊಂದು ದಂಡೆಗೆ. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ 227 ಕಿಲೊಮೀಟರ್. ಅಷ್ಟುದ್ದ ತೋಡಿ ಮುಗಿಸುವ ಹೊತ್ತಿಗೆ 1960ರ ದಶಕ ಮುಗಿಯುತ್ತ ಬಂದಿತ್ತು. ಕಾಲುವೆಯ ಹಾರೆ ಗುದ್ದಲಿ ಮುಂದೆ, ಅದರ ಬೆನ್ನಿಗೆ ಆಂಧ್ರದ ರೈತರು.

ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಬಾಯಾರಿದ ನೆಲ ನಮ್ಮದು. 1876ರಿಂದ 78ರವರೆಗಿನ ಧಾತು ಈಶ್ವರ ಬರವನ್ನು ನಮ್ಮ ಹಿರಿಯರು ಅವರ ಹಿರಿಯರ ಬಾಯಿಂದ ಕೇಳಿದ್ದರು. ಯರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ, ಕುಸುಬಿ, ಹತ್ತಿ. ಮಳೆ ಬಂದ ವರ್ಷ ನೆಲದಡಿಯ ಹಗೇವು ತುಂಬಿತು, ಬಾರದ ವರ್ಷ ಅದರ ಬಾಯಿ ತೆರೆದು ಉಂಡರು. ಅಂಥ ರೈತನಿಗೆ ಕಾಲುವೆ ಬಂದದ್ದು ವರವೆಂದು ದೂರ ನಿಂತು ನೋಡುವವರಿಗೆ ಅನ್ನಿಸುತ್ತದೆ. ಹೊಲದ ಬದುವಿನ ಮೇಲೆ ನಿಂತವನಿಗೆ ಅದು ಅಷ್ಟು ಸರಳವಾಗಿರಲಿಲ್ಲ. ನೆಲ ಮಟ್ಟ ಮಾಡಬೇಕು, ಮಡಿ ಕಟ್ಟಬೇಕು, ಗೊಬ್ಬರ ಕೊಳ್ಳಬೇಕು, ನೀರಿನ ಕರ ಕಟ್ಟಬೇಕು. ಇದಕ್ಕೆಲ್ಲ ಕೈಯಲ್ಲಿ ರೊಕ್ಕ ಬೇಕು. ಯರೆ ಹೊಲಕ್ಕೆ ನೀರು ಬಿಟ್ಟರೆ ಹೊಲ ಕೆಡುತ್ತದೆ ಎಂಬ ಹಿರಿಯರ ಮಾತು ಬೇರೆ. ಹಿಂದಿನ ಬರದ ಸಾಲ ತಲೆಯ ಮೇಲಿದ್ದಾಗ ದೂರದಿಂದ ಬಂದವನೊಬ್ಬ ಒಂದೇ ಕಂತಿನಲ್ಲಿ ನೋಟು ಎಣಿಸಿ ಕೊಡುತ್ತೇನೆಂದರೆ ಎಷ್ಟೋ ಮಂದಿ ಹೆಬ್ಬೆಟ್ಟು ಒತ್ತಿದರು. ಸಾಲ ತೀರಿತು, ಮಗಳ ಮದುವೆಯಾಯಿತು. ಹತ್ತು ವರ್ಷದ ಮೇಲೆ ಅದೇ ಹೊಲಕ್ಕೆ ಕೂಲಿಗೆ ಹೋದವರೂ ಇದ್ದಾರೆ. ಮಾರಿದವರನ್ನು ದಡ್ಡರೆಂದು ಕರೆಯುವ ಮಾತನ್ನು ನಾನು ಬಹಳ ಕೇಳಿದ್ದೇನೆ. ಅದು ಅನ್ಯಾಯದ ಮಾತು. ನೀರು ಕೊಟ್ಟ ಸರ್ಕಾರ ಆ ನೀರನ್ನು ಬಳಸಲು ಬೇಕಾದ ಸಾಲವನ್ನೂ ತಿಳಿವಳಿಕೆಯನ್ನೂ ಅದೇ ಹೊತ್ತಿಗೆ ಕೊಟ್ಟಿದ್ದರೆ ಎಷ್ಟೋ ಹೆಬ್ಬೆಟ್ಟು ಒತ್ತದೆ ಉಳಿಯುತ್ತಿದ್ದವು.

ಬಂದವರ ಶ್ರಮವನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕು. ಊರೊಳಗೆ ಜಾಗ ಕೇಳದೆ ಹೊಲದಲ್ಲೇ ಗುಡಿಸಲು ಹಾಕಿದರು. ಕರಿ ಜಾಲಿ ಕಡಿದು, ಬೇರು ಅಗೆದು ತೆಗೆದರು. ಯರೆ ಮಣ್ಣು ಮಳೆಗಾಲದಲ್ಲಿ ಮೊಳಕಾಲವರೆಗೆ ಹೂಳುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಆ ಇಳಿಜಾರು ಹೊಲವನ್ನು ಮೆಟ್ಟಿಲು ಮೆಟ್ಟಿಲಾಗಿ ಮಡಿ ಮಾಡಿದ್ದನ್ನು ಇವತ್ತಿಗೂ ಕಾಲುವೆಯ ಏರಿಯ ಮೇಲೆ ನಿಂತು ನೋಡಬಹುದು. ಒಂದು ಮಡಿಯ ನೀರು ತುಂಬಿ, ಬದುವಿನ ಬಾಯಿಂದ ಬೆರಳಗಲ ಎತ್ತರದಲ್ಲಿ ಕೆಳಗಿನ ಮಡಿಗೆ ಇಳಿಯುತ್ತದೆ. ಎಲ್ಲೂ ನಿಲ್ಲುವುದಿಲ್ಲ, ಎಲ್ಲೂ ಕೊರೆಯುವುದಿಲ್ಲ. ಜುಲೈ ಆಗಸ್ಟಿನಲ್ಲಿ ಸಸಿಮಡಿಯಿಂದ ಕಿತ್ತ ಸಸಿಯ ಸಿವುಡುಗಳನ್ನು ಕೆಸರಿಗೆ ಎಸೆಯುತ್ತ ಹೋಗುತ್ತಾರೆ. ಸಾಲಾಗಿ ಬಾಗಿದ ಹೆಣ್ಣುಮಕ್ಕಳು ಹಿಂದೆ ಹಿಂದೆ ಸರಿಯುತ್ತ ನಾಟಿ ಮಾಡುತ್ತಾರೆ. ಆ ಹೆಣ್ಣುಮಕ್ಕಳು ನಮ್ಮ ಊರಿನವರು. ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿದು ಬಂದ ಗುಂಪು. ನೆಲ್ಲು ಬಂದ ಮೇಲೆ ಸಿಂಧನೂರು, ಕಾರಟಗಿ, ಗಂಗಾವತಿಯಲ್ಲಿ ರೈಸ್ ಮಿಲ್ಲುಗಳು ಎದ್ದವು, ಹಮಾಲರಿಗೆ ಕೆಲಸ ಸಿಕ್ಕಿತು. ಬೆಂಗಳೂರಿನ ಅಡುಗೆಮನೆಯಲ್ಲಿ ಬೇಯುವ ಸೋನಾ ಮಸೂರಿಗೆ ಈ ಸೀಮೆಯ ಹೆಸರು ಅಂಟಿಕೊಂಡಿತು. ಆ ತಳಿಯೂ ಕರಾವಳಿ ಆಂಧ್ರದ ಬಾಪಟ್ಲದ ಸಂಶೋಧನಾ ಕೇಂದ್ರದಿಂದ ಬಂದದ್ದೇ.

ಊಟವೂ ಬದಲಾಯಿತು. ನನ್ನ ಅಜ್ಜಿಗೆ ಅನ್ನ ಎಂದರೆ ಹಬ್ಬದ ದಿನದ ಊಟ, ಉಳಿದ ದಿನ ಬಿಳಿಜೋಳದ ರೊಟ್ಟಿ, ನುಚ್ಚು. ಈಗ ದಿನವೂ ಅನ್ನ, ರೊಟ್ಟಿ ಪಟ್ಟಣದ ಖಾನಾವಳಿಯಲ್ಲಿ ದುಡ್ಡು ಕೊಟ್ಟು ತಿನ್ನುವ ಪದಾರ್ಥ. ಕ್ಯಾಂಪಿನವರು ಪುಂಡಿಪಲ್ಲೆಯನ್ನು ಗೋಂಗೂರ ಎಂದು ಕರೆದು ಉಪ್ಪಿನಕಾಯಿ ಹಾಕಿದರು, ನಮ್ಮವರು ಅದನ್ನು ಕಲಿತರು. ಅವರು ಶೇಂಗಾ ಚಟ್ನಿ, ಜೋಳದ ರೊಟ್ಟಿ ಕಲಿತರು.

ಇವರೆಲ್ಲ ಲೆಕ್ಕ ಹಾಕಿ ಬಂದವರು. ಲೆಕ್ಕ ಹಾಕಲು ಅವಕಾಶವೇ ಇಲ್ಲದೆ ಬಂದವರೂ ಇದೇ ಜಿಲ್ಲೆಯಲ್ಲಿದ್ದಾರೆ. ಸಿಂಧನೂರಿನ ಬಳಿ ಆರ್.ಎಚ್. ಕ್ಯಾಂಪುಗಳಿವೆ, ಒಂದರಿಂದ ಐದರವರೆಗೆ ನಂಬರು ಹಾಕಿದ ಪುನರ್ವಸತಿ ಊರುಗಳು. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದ ಬಂಗಾಳಿ ಹಿಂದೂಗಳನ್ನು, ಬರ್ಮಾದಿಂದ ವಾಪಸಾದ ಭಾರತೀಯ ಮೂಲದವರನ್ನು ಸರ್ಕಾರ ಇಲ್ಲಿಗೆ ತಂದು ಮನೆಗೊಂದಿಷ್ಟು ಜಮೀನು ಕೊಟ್ಟು ಇರಿಸಿತು. ಬಂಗಾಳಿಗಳಲ್ಲಿ ಹೆಚ್ಚಿನವರು ನಾಮಶೂದ್ರ ಸಮುದಾಯದ ರೈತರು, ಮೀನುಗಾರರು. ಹೊಳೆ, ಕೆರೆ, ಬಿದಿರು, ಬಾಳೆಯ ಹಸಿರಿನಲ್ಲಿ ಬೆಳೆದವರು ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಬಯಲಿಗೆ ಇಳಿದಾಗ ಅವರಿಗೆ ಏನನ್ನಿಸಿರಬೇಕು! ಆದರೂ ಮನೆಯ ಹಿಂದೆ ಪುಟ್ಟ ಹೊಂಡ ತೋಡಿ ಮೀನು ಬಿಟ್ಟರು, ತರಕಾರಿ ಬೆಳೆದರು, ದುರ್ಗಾಪೂಜೆಗೆ ಮಂಟಪ ಕಟ್ಟಿದರು. ಮಕ್ಕಳು ಕನ್ನಡ ಶಾಲೆಗೆ ಹೋದರು.

ಇಲ್ಲಿನ ಕೆಲವರಿಗೆ ಭಾರತದ ಪೌರತ್ವದ ಕಾಗದ ಕೈಗೆ ಬಂದದ್ದು 2024ರ ಆಗಸ್ಟಿನಲ್ಲಿ. ಪೌರತ್ವ ತಿದ್ದುಪಡಿ ಕಾಯ್ದೆಯಡಿ ರಾಜ್ಯದಲ್ಲಿ ಮೊದಲು ಪ್ರಮಾಣಪತ್ರ ಪಡೆದ ಐವರು ಸಿಂಧನೂರಿನ ಈ ಕ್ಯಾಂಪುಗಳವರು. ಆ ಕಾಯ್ದೆಯ ಬಗ್ಗೆ ದೇಶದಲ್ಲಿ ದೊಡ್ಡ ವಾದವಿದೆ, ಅದು ಇರಲಿ. ಅರ್ಧ ಶತಮಾನ ಉತ್ತು ಬಿತ್ತಿದವರು ಅಷ್ಟು ಕಾಲ ಒಂದು ಕಾಗದಕ್ಕೆ ಕಾದದ್ದು ಮಾತ್ರ ಯಾವ ವಾದದಿಂದಲೂ ಸರಿಯಾಗುವಂಥದ್ದಲ್ಲ. ಜಾತಿ ಪ್ರಮಾಣಪತ್ರದ ಅವರ ಬೇಡಿಕೆ ಇನ್ನೂ ಬಾಕಿ ಇದೆ. ಬಂಗಾಳದಲ್ಲಿ ಪರಿಶಿಷ್ಟ ಜಾತಿಯಲ್ಲಿರುವ ನಾಮಶೂದ್ರರು ಕರ್ನಾಟಕದ ಪಟ್ಟಿಯಲ್ಲಿಲ್ಲ.

ಕರ್ನಾಟಕದ ನಕ್ಷೆಯ ಮೇಲೆ ಇಂಥ ಊರುಗಳು ಇನ್ನೂ ಇವೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯ ಕಾಡು ಕಡಿದು ಮೆಕ್ಕೆಜೋಳ ಬಿತ್ತಿದ ಟಿಬೆಟಿಯನ್ನರು, ಆಮೇಲೆ ಮುಂಡಗೋಡ, ಒಡೆಯರಪಾಳ್ಯ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳರು. ಮಲೆನಾಡಿನ ನರಸಿಂಹರಾಜಪುರದ ಕಡೆ ರಬ್ಬರು, ಕಾಳುಮೆಣಸು ಹಾಕಿದ ಮಲಯಾಳಿ ಕ್ರೈಸ್ತ ರೈತರು.

ಇವರೆಲ್ಲರ ಕಥೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಂಡದ್ದನ್ನು ಹೇಳುತ್ತೇನೆ. ಹಳ್ಳಿಯ ಶಾಂತಿ ಹುಡುಕಿಕೊಂಡು ಬಂದವರು ಇವರಲ್ಲಿ ಯಾರೂ ಇಲ್ಲ. ಒಬ್ಬರನ್ನು ಎಬ್ಬಿಸಿದ್ದು ಪಾಲಾಗಿ ಪಾಲಾಗಿ ಸಣ್ಣದಾದ ಹೊಲ, ಇನ್ನೊಬ್ಬರನ್ನು ಎಬ್ಬಿಸಿದ್ದು ಬೆಂಕಿ, ಗಲಭೆ, ಸೈನಿಕರು. ಆದರೆ ಎದ್ದವರು ಪಟ್ಟಣಕ್ಕೆ ಹೋಗದೆ ಹೊಲಕ್ಕೇ ಬಂದದ್ದಕ್ಕೆ ಕಾರಣ, ಅವರಿಗೆ ಬರುತ್ತಿದ್ದ ವಿದ್ಯೆ ಅದೊಂದೇ. ಬಂದವರು ನಿಂತದ್ದಕ್ಕೆ ಇನ್ನೊಂದು ಕಾರಣವಿದೆ. ನೆಲದ ಹಕ್ಕು, ನೀರು, ಮತ್ತು ಮುಂದೆ ಹೋದ ನೆಂಟನೊಬ್ಬನ ಆಸರೆ ಈ ಮೂರೂ ಸಿಕ್ಕ ಕಡೆ ಜನ ಬೇರು ಬಿಟ್ಟಿದ್ದಾರೆ.

ಬೇರಿಲ್ಲದೆ ಹೋದದ್ದರ ಕಥೆಯೂ ನಮ್ಮ ರಾಜ್ಯದ್ದೇ ಇದೆ. ಬೆಂಗಳೂರಿನ ಕರುತೂರಿ ಗ್ಲೋಬಲ್ ಎಂಬ ಗುಲಾಬಿ ಹೂವಿನ ಕಂಪನಿ ಇಥಿಯೋಪಿಯಾದ ಗಂಬೆಲ್ಲಾದಲ್ಲಿ 1 ಲಕ್ಷ ಹೆಕ್ಟೇರ್ ನೆಲವನ್ನು ಗುತ್ತಿಗೆಗೆ ಹಿಡಿಯಿತು. ದೊಡ್ಡ ದೊಡ್ಡ ಟ್ರ್ಯಾಕ್ಟರುಗಳು ಹೋದವು. ಬಾರೋ ನದಿ ಉಕ್ಕಿ ಬೆಳೆ ಮುಳುಗಿತು. ಸ್ಥಳೀಯರ ವಿರೋಧ, ಸಾಲದ ಹೊರೆ ಸೇರಿ, 2015ರ ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆಯನ್ನೇ ರದ್ದು ಮಾಡಿತು. ಆ ಹೊಳೆ ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಏರುತ್ತದೆ ಎಂಬುದು ದಂಡೆಯ ಮೇಲೆ ಮನೆ ಕಟ್ಟಿಕೊಂಡು ಬಾಳುವವನಿಗೆ ಗೊತ್ತಿರುತ್ತದೆ. ನೆಲದ ಮೇಲೆ ಸಂಸಾರ ಹೂಡುವವನಿಗೂ ಬಂಡವಾಳ ಹೂಡುವವನಿಗೂ ಇರುವ ದೂರ ಬಹಳ ದೊಡ್ಡದು.

ಇನ್ನು ನಮ್ಮ ಕಾಲುವೆಯ ನೋವಿನ ಮಾತು. ತುಂಗಭದ್ರಾ ಎಡದಂಡೆಯನ್ನು ಯೋಜಿಸಿದವರು ನೀರನ್ನು ತೆಳುವಾಗಿ ಹೆಚ್ಚು ಹೊಲಕ್ಕೆ ಹಂಚಬೇಕೆಂದುಕೊಂಡಿದ್ದರು. ಬರದ ಸೀಮೆಯ ಎಲ್ಲರಿಗೂ ಒಂದು ಬೆಳೆ ಕೈಗೆ ಹತ್ತಲಿ ಎಂಬುದು ಉದ್ದೇಶ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಹೆಚ್ಚು ಪಾಲು, ಭತ್ತಕ್ಕೆ ಸಣ್ಣ ಪಾಲು. ಆದರೆ ಮೇಲ್ಭಾಗದಲ್ಲಿ ಭತ್ತ ಬಂತು, ಒಂದಲ್ಲ ಎರಡು ಬೆಳೆ ಬಂತು. ನೆದರ್ಲೆಂಡ್ಸಿನ ಸಂಶೋಧಕ ಪೀಟರ್ ಮೊಲಿಂಗಾ 1990ರ ದಶಕದಲ್ಲಿ ಇದೇ ಕಾಲುವೆಯ ದಂಡೆಗಳಲ್ಲಿ ಓಡಾಡಿ ನೀರಿನ ಹಂಚಿಕೆಯ ಮೇಲೆ ಒಂದು ಇಡೀ ಪುಸ್ತಕ ಬರೆದರು. ತೂಬಿನ ಬಾಯಿ ಎಷ್ಟು ತೆರೆಯಬೇಕು ಎಂಬುದನ್ನು ನಿಯಮದ ಜತೆಗೆ ಜಾತಿ, ದುಡ್ಡು, ರಾಜಕಾರಣವೂ ಹೇಗೆ ನಿರ್ಧರಿಸುತ್ತವೆ ಎಂಬುದನ್ನು ಅಲ್ಲಿ ಓದಬಹುದು. ಈ ತಪ್ಪನ್ನು ಕ್ಯಾಂಪಿನವರ ಮೇಲೆ ಮಾತ್ರ ಹೊರಿಸಲು ನಾನು ಸಿದ್ಧನಿಲ್ಲ. ಭತ್ತದ ಲಾಭ ಕಂಡ ಮೇಲೆ ನಮ್ಮವರೂ ಭತ್ತವನ್ನೇ ಹಾಕಿದರು. ಪೈಪು ಹಾಕಿ, ಮೋಟರು ಇಟ್ಟು ಕಾಲುವೆಯಿಂದ ನೀರೆತ್ತುವ ಅಕ್ರಮ ನೀರಾವರಿಯಲ್ಲಿ ಎಲ್ಲ ಭಾಷೆಯವರೂ ಇದ್ದಾರೆ.

ಅದರ ಪೆಟ್ಟು ಬಿದ್ದದ್ದು ಕೆಳಭಾಗಕ್ಕೆ. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ಕೊನೆಯ ಭಾಗದ ರೈತರು ಪ್ರತಿವರ್ಷ ಎಂಬಂತೆ ರಸ್ತೆಗೆ ಇಳಿಯುತ್ತಾರೆ. ‘ಮೈಲ್ 69ರ ಗೇಜು ಕಾಪಾಡಿ, ಮೈಲ್ 104ರ ಗೇಜು ಕಾಪಾಡಿ’ ಎನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಘೋಷಣೆ. ಆ ಜಾಗದಲ್ಲಿ ನೀರಿನ ಮಟ್ಟ ಇಷ್ಟು ಅಡಿ ಇದ್ದರೆ ಮಾತ್ರ ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದೆ. ಇಲ್ಲದಿದ್ದರೆ ಪಹಣಿಯಲ್ಲಿ ನೀರಾವರಿ, ಹೊಲದಲ್ಲಿ ಖುಷ್ಕಿ. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಇನ್ನೊಂದು ಕೇಡು. ನೀರು ನಿಂತು ನಿಂತು ಉಪ್ಪು ಮೇಲೆದ್ದು ಸಾವಿರಾರು ಎಕರೆ ಸವಳು, ಜವಳು ಆಗಿದೆ. ಬೇಸಿಗೆಯಲ್ಲಿ ಆ ಹೊಲಗಳ ಮೈಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಾಣುತ್ತದೆ. ನೀರು ಬಿಟ್ಟರೆ ಯರೆ ಹೊಲ ಕೆಡುತ್ತದೆ ಎಂದಿದ್ದ ಹಿರಿಯರ ಮಾತು ಅರ್ಧ ನಿಜವಾಯಿತು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜತೆಯ ಕೆಲಸಗಾರರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವವರೆಗೆ ಕ್ಯಾಂಪಿನ ರೈತನೂ ಊರಿನ ರೈತನೂ ಒಂದೇ ಮೊಬೈಲಿನ ಸುತ್ತ ನಿಂತು ಸುದ್ದಿ ನೋಡಿದರು. ಆ ವಾರ ಯಾರ ಮುಖದಲ್ಲೂ ಮುಲ್ಕಿ, ಗೈರ್ ಮುಲ್ಕಿ ಎಂಬ ಭೇದ ಕಾಣಲಿಲ್ಲ.

ಭೇದ ಕಾಣುವುದು ಬನ್ನಿ ಹಬ್ಬ ಮುಗಿದು ಚಳಿ ಶುರುವಾದ ಮೇಲೆ. ದೇವದುರ್ಗದ ಕಡೆಯಿಂದ, ಮಾನ್ವಿಯ ಒಣ ಹಳ್ಳಿಗಳಿಂದ, ತಾಂಡಾಗಳಿಂದ ಜನ ಗುಳೆ ಹೊರಡುತ್ತಾರೆ. ಗಂಡ, ಹೆಂಡತಿ, ಸಣ್ಣ ಮಕ್ಕಳು, ಒಂದು ಚೀಲ ಜೋಳ, ಒಂದು ಬುಟ್ಟಿ ಪಾತ್ರೆ. ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡದ ಕೆಲಸ. ಮನೆಯಲ್ಲಿ ಮುದುಕಿ, ಶಾಲೆಯಲ್ಲಿ ಖಾಲಿ ಬೆಂಚು. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ದೇವದುರ್ಗ ಅದರಲ್ಲಿತ್ತು. ಉದ್ಯೋಗ ಖಾತ್ರಿ ಯೋಜನೆ 2006ರಲ್ಲಿ ಶುರುವಾದಾಗ ಮೊದಲ ಹಂತದಲ್ಲೇ ರಾಯಚೂರು ಸೇರಿತ್ತು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೂ ಬಂದಿದೆ. ಆದರೂ ಗುಳೆ ನಿಂತಿಲ್ಲ. ಒಬ್ಬರು ನೂರಾರು ಮೈಲಿ ದೂರದಿಂದ ಬಂದು ಬಾಳು ಕಟ್ಟಿಕೊಂಡ ಜಿಲ್ಲೆಯಿಂದಲೇ ಅಲ್ಲಿ ಹುಟ್ಟಿದವರು ಬಾಳು ಹುಡುಕಿಕೊಂಡು ಹೊರಡುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಕ್ಯಾಂಪಿನವರಿಗೆ ಸಿಕ್ಕ ನೆಲದ ಹಕ್ಕು, ನೀರು, ನೆಂಟ ಎಂಬ ಆ ಮೂರು ಆಸರೆಗಳಲ್ಲಿ ಗುಳೆ ಹೋಗುವವರಿಗೆ ಸಿಕ್ಕದ್ದು ಒಂದೇ, ಪಟ್ಟಣದಲ್ಲಿ ಮೊದಲೇ ಹೋಗಿ ಇರುವ ನೆಂಟ.

ಈಗ ಇನ್ನೊಂದು ಬಾಗಿಲು ತೆರೆದಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ರೈತರಲ್ಲದವರೂ ಹೊಲ ಕೊಳ್ಳಬಹುದು. ಪಟ್ಟಣದ ನೌಕರಿ ಬಿಟ್ಟು ಹಳ್ಳಿಯಲ್ಲಿ ಹೊಸ ಬದುಕು ಕಟ್ಟುವ ಆಸೆ ಇರುವವರು, ಪರದೇಶದಲ್ಲಿ ದುಡಿದು ತಿರುಗಿ ಬರುವವರು ಬರಲಿ, ಬೇಡವೆನ್ನುವುದಿಲ್ಲ. ಬರುವ ಮುನ್ನ ಒಂದು ದಿನ ಕಾಲುವೆಯ ಕೊನೆಯ ತೂಬಿನವರೆಗೆ ಬಂದು, ಅಲ್ಲಿನ ರೈತನ ಜತೆ ಬದುವಿನ ಮೇಲೆ ಕೂತು ಮಾತಾಡಿ. ನೀವು ಕೊಳ್ಳುವ ಹೊಲ ಯಾರು, ಯಾವ ಕಷ್ಟಕ್ಕೆ ಮಾರುತ್ತಿದ್ದಾರೆ ಎಂದು ಕೇಳಿ.

ಹೊಲ ಮಾರಲು ಹೊರಟಿರುವ ನಮ್ಮೂರಿನ ತಮ್ಮಂದಿರಿಗೂ ಒಂದು ಮಾತು. ಮಾರಬೇಡಿರೋ. ತೀರ ಆಗದಿದ್ದರೆ ಲೀಜಿಗೆ ಕೊಡಿ, ಪಹಣಿಯಲ್ಲಿ ಹೆಸರು ಉಳಿಸಿಕೊಳ್ಳಿ. ನೀರಾವರಿ ಸಲಹಾ ಸಮಿತಿಯಲ್ಲಿ ಕೂರುವ ಶಾಸಕರು, ಎಂಜಿನಿಯರುಗಳು ಮುಂದಿನ ಮುಂಗಾರಿಗೆ ಕಾಲುವೆಗೆ ನೀರು ಬಿಡುವ ದಿನ ಗೊತ್ತು ಮಾಡುವಾಗ, ಮೈಲ್ 104ರ ಗೇಜಿನಲ್ಲಿ ಎಷ್ಟು ಅಡಿ ನೀರು ನಿಲ್ಲಿಸುತ್ತೇವೆ ಎಂಬುದನ್ನೂ ಅದೇ ಸಭೆಯಲ್ಲಿ ಬರೆದು ಸಹಿ ಹಾಕಲಿ.